ರೋಗಾಣುವೇ ರಕ್ಷೆಯ ವಾಹನವಾದ ಬಗೆ

(ಶ್ರೀಮಠದ ಸುವರ್ಣ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಮಂಗಲ ಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾದಾಗ, ನಾನು ವಾಡಿಕೆಯಂತೆ ಯಾವುದಾದರೊಂದು ಶಾಸ್ತ್ರಗ್ರಂಥದ ವಿಷಯವಾಗಿ ಮಾತನಾಡುವೆನೆಂದು ತಾವೆಲ್ಲರೂ ಭಾವಿಸಿರಬಹುದು. ನಾನು ವೈದ್ಯನಲ್ಲ, ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಓದಿ, ಓದಿದುದನ್ನೇ ಮಕ್ಕಳಿಗೆ ಹೇಳಿಕೊಡುತ್ತ ತಲೆ ನರೆತವನು. ಆದರೂ ಈ ದಿನ, ಪ್ರಾಣಿಗಳಲ್ಲಿ ಹುಟ್ಟಿದ ವೈರಾಣುಗಳನ್ನು ಮಾರ್ಪಡಿಸಿ ಅವುಗಳನ್ನೇ ಲಸಿಕೆಯ ವಾಹನಗಳನ್ನಾಗಿ ಮಾಡಿಕೊಂಡಿರುವ ವಿದ್ಯೆಯನ್ನು ಕುರಿತು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ. ಇದು ನನ್ನ ಅಧಿಕಾರಕ್ಕೆ ಹೊರತಾದ ಸಾಹಸವೆಂದು ತೋರಬಹುದು. ಇದಕ್ಕೆ ಒಂದು ಕಾರಣವುಂಟು. ಅದು ನನ್ನ ಮೇಲಿರುವ ಒಂದು ಋಣ. ಅದನ್ನು ಮೊದಲೇ ಹೇಳಿಬಿಡುವೆನು.

೨೦೨೧ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ, ಅರುವತ್ತು ವರುಷ ಮೀರಿದವರಿಗೆಲ್ಲ ಕೋವಿಡ್ ರೋಗದ ಲಸಿಕೆಯನ್ನು ಹಾಕಲು ಸರಕಾರದವರು ಪ್ರಾರಂಭಿಸಿದರು. ಆಗ ನಮ್ಮ ದಾಸೋಹದ ಅಡಿಗೆಮನೆಯಲ್ಲಿ ಅನೇಕ ವರುಷಗಳಿಂದ ರೊಟ್ಟಿ ಬಡಿಯುತ್ತಿದ್ದ ಒಬ್ಬ ವೃದ್ಧ ತಾಯಿಯು ನನ್ನಲ್ಲಿಗೆ ಬಂದು, “ಅಯ್ನೋರೆ, ಈ ಲಸಿಕೆ ಮಂಗನ ವಿಷದಿಂದ ಮಾಡಿದ್ದಂತೆ; ಲಿಂಗ ಕಟ್ಟಿದ ಮೈಗೆ ಅದನ್ನು ಹಾಕಿಸಿಕೊಳ್ಳಬಹುದೇ?” ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. “ವಿಚಾರಿಸಿ ಹೇಳುವೆನು, ತಡೆಯಿರಿ” ಎಂದೆ. ವಿಚಾರಿಸುವುದು ಕಷ್ಟವಾಗಿರಲಿಲ್ಲ, ಬಲ್ಲ ವೈದ್ಯರು ಈ ಮಠಕ್ಕೆ ನಡೆದುಕೊಳ್ಳುವ ಭಕ್ತರಲ್ಲಿಯೇ ಇದ್ದರು. ಆದರೂ ನಾನು ವಿಚಾರಿಸಲಿಲ್ಲ. ಗುರುಸ್ಥಾನದ ಸಮೀಪದಲ್ಲಿರುವವನು ತಡೆಯೆಂದಮೇಲೆ ಆಕೆ ತಡೆದಳು. ಮೇ ತಿಂಗಳಲ್ಲಿ ಆ ರೋಗದಿಂದಲೇ ತೀರಿಕೊಂಡಳು. ಲಸಿಕೆಯನ್ನು ಹಾಕಿಸಿಕೊಂಡಿದ್ದರೆ ಆಕೆ ಉಳಿಯುತ್ತಿದ್ದಳೆಂದು ತರ್ಕವನ್ನೋದಿದ ನಾನು ಖಂಡಿತವಾಗಿ ಹೇಳಲಾರೆನು. ಆದರೆ ಆಕೆ ಕೇಳಿದುದು ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರ ಕೊಡುವುದು ನನ್ನ ಕರ್ತವ್ಯವಾಗಿತ್ತು, ನಾನು ಕೊಡಲಿಲ್ಲ ಎಂಬುದಿಷ್ಟು ಖಂಡಿತ. ಈಗ ಹೇಳುವುದು ಆಕೆಗೆ ಹೇಳಬೇಕಾಗಿದ್ದ ಉತ್ತರವೆಂದು ತಾವು ತಿಳಿಯತಕ್ಕದ್ದು.

ಮೊದಲನೆಯದಾಗಿ, ಪ್ರಾಣಿಯ ರೋಗವು ಮನುಷ್ಯನಿಗೆ ರಕ್ಷೆಯಾಗುವುದೆಂಬುದು ನಿನ್ನೆ ಮೊನ್ನೆಯ ಮಾತಲ್ಲ. ವ್ಯಾಕ್ಸೀನ್ ಎಂಬ ಶಬ್ದದ ವ್ಯುತ್ಪತ್ತಿಯಲ್ಲಿಯೇ ಅದು ಅಡಗಿದೆ. ಲ್ಯಾಟಿನ್ ಭಾಷೆಯಲ್ಲಿ ವಾಕ್ಕಾ ಎಂದರೆ ಗೋವು. ೧೭೯೬ನೆಯ ಇಸವಿ ಮೇ ೧೪ರಂದು ಇಂಗ್ಲೆಂಡಿನ ಬರ್ಕ್ಲಿ ಎಂಬ ಊರಿನಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು, ಹಾಲು ಕರೆಯುವ ಹೆಣ್ಣುಮಗಳೊಬ್ಬಳ ಕೈಮೇಲೆ ಎದ್ದಿದ್ದ ಗೋಸಿಡುಬಿನ ಬೊಕ್ಕೆಯಿಂದ ರಸವನ್ನು ತೆಗೆದು, ಎಂಟು ವರುಷದ ಜೇಮ್ಸ್ ಫಿಪ್ಸ್ ಎಂಬ ಹುಡುಗನ ತೋಳಿಗೆ ಹಚ್ಚಿದನು. ಆಮೇಲೆ ಅದೇ ಹುಡುಗನಿಗೆ ಮನುಷ್ಯರ ಸಿಡುಬಿನ ವಿಷವನ್ನೇ ಹಚ್ಚಿ ನೋಡಿದರೂ ಅವನಿಗೆ ರೋಗವು ಬರಲಿಲ್ಲ. ಆ ಪ್ರಯೋಗವು ಇಂದಿನ ನ್ಯಾಯಕ್ಕೆ ಒಪ್ಪತಕ್ಕದ್ದಲ್ಲ. ಬಡವರ ಮಗುವಿನ ಮೇಲೆ ಮಾಡಿದ ಪರೀಕ್ಷೆಯದು. ಅದರ ಫಲವನ್ನು ಮಾತ್ರ ಜಗತ್ತೆಲ್ಲವೂ ಉಂಡಿತು.

ಆ ರಸವು ವಿಯೆನ್ನಾ, ಬಾಗ್ದಾದ್, ಬಸ್ರಾ ಪಟ್ಟಣಗಳ ಮಾರ್ಗವಾಗಿ ಒಬ್ಬರ ತೋಳಿನಿಂದ ಮತ್ತೊಬ್ಬರ ತೋಳಿಗೆ ದಾಟುತ್ತ ಬಂದು, ೧೮೦೨ರ ಜೂನ್ ತಿಂಗಳಲ್ಲಿ ಮುಂಬಯಿಯನ್ನು ಸೇರಿತು. ಅಲ್ಲಿ ಮೂರು ವರುಷದ ಒಂದು ಹೆಣ್ಣುಮಗುವಿನ ತೋಳಿನಲ್ಲಿ ಅದು ಮೊದಲು ನಾಟಿತು. ನಮ್ಮ ನಾಡಿಗೂ ಅದು ಬೇಗನೆ ಬಂದಿತು. ೧೮೦೫ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ, ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರವೊಂದುಂಟು. ಅವರಲ್ಲೊಬ್ಬರು ಸೆರಗನ್ನು ತುಸು ಸರಿಸಿ ತೋಳನ್ನು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಸ್ಥಾನವನ್ನು ಪ್ರಜೆಗಳಿಗೆ ತೋರಿಸುವುದಕ್ಕಾಗಿಯೇ ಎಂದೂ, ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರೆಂದೂ ಇತಿಹಾಸಜ್ಞರೊಬ್ಬರು ನಿರ್ಣಯಿಸಿರುವರು. ಈ ನಿರ್ಣಯವು ಸರಿಯಾಗಿದ್ದರೆ, ಮಾತನ್ನಾಡದೆ ತೋಳನ್ನು ತೋರಿಸಿ ಆ ರಾಣಿಯು ಕೊಟ್ಟ ಉತ್ತರವನ್ನು ಶಾಸ್ತ್ರ ಬಲ್ಲ ನಾನು ಇನ್ನೂರು ವರುಷಗಳ ಮೇಲೆಯೂ ಕೊಡದೆ ಹೋದೆನು.

ಸಿಡುಬಿನ ಕಥೆಯ ಕೊನೆಯು ತಮಗೆ ಗೊತ್ತೇ ಇರುವುದು. ಭಾರತದಲ್ಲಿ ೧೯೭೫ರಲ್ಲಿ ಆ ರೋಗದ ಕೊನೆಯ ರೋಗಿಯನ್ನು ಕಂಡರು. ೧೯೮೦ರಲ್ಲಿ ಲೋಕದಿಂದಲೇ ಅದು ಅಳಿಯಿತೆಂದು ಸಾರಿದರು. ಅದನ್ನು ಅಳಿಸಿದ ಲಸಿಕೆಯ ವೈರಾಣುವಿಗೆ ವ್ಯಾಕ್ಸೀನಿಯಾ ಎಂದು ಹೆಸರು. ಇನ್ನು ಅದಕ್ಕೆ ಕೆಲಸವಿಲ್ಲವೆಂದುಕೊಳ್ಳುವ ಕಾಲದಲ್ಲಿಯೇ, ಅಂದರೆ ೧೯೮೨ರಲ್ಲಿ, ಅಮೆರಿಕದ ಎರಡು ವಿದ್ವತ್ಸಮೂಹಗಳು ಬೇರೆ ಬೇರೆಯಾಗಿ ಒಂದು ಹೊಸ ಯುಕ್ತಿಯನ್ನು ಕಂಡುಹಿಡಿದುವು. ನನ್ನ ಇಂದಿನ ವಿಷಯವು ಇಲ್ಲಿಂದ ಪ್ರಾರಂಭವಾಗುವುದು.

ಅದನ್ನು ತಿಳಿಯಬೇಕಾದರೆ ವೈರಾಣುವೆಂಬುದು ಏನೆಂಬುದನ್ನು ಸ್ವಲ್ಪ ಅರಿಯಬೇಕು. ಅದು ತಾನಾಗಿ ಉಣ್ಣದು, ಉಸಿರಾಡದು, ಬೆಳೆಯದು. ಪರರ ಜೀವಕಣವನ್ನು ಹೊಕ್ಕಾಗ ಮಾತ್ರ, ಆ ಕಣದ ಸಾಮಗ್ರಿಯಿಂದಲೇ ತನ್ನಂತಹವನ್ನು ಸಾವಿರಾರು ಮಾಡಿಸಿಕೊಳ್ಳುವುದು. ನನ್ನಂತಹವನಿಗೆ ತಿಳಿದ ದೃಷ್ಟಾಂತವನ್ನು ಹೇಳುವುದಾದರೆ, ವೈರಾಣುವು ಒಂದು ಓಲೆಗರಿಯ ಕಟ್ಟು. ಜೀವಕಣವು ಲಿಪಿಕಾರ. ಕಟ್ಟು ತಾನಾಗಿ ಏನನ್ನೂ ಮಾಡಲಾರದು. ಲಿಪಿಕಾರನ ಕೈಸೇರಿದರೆ ಸಾಕು, ಅವನು ಒಳಗಿರುವುದು ಸುಭಾಷಿತವೋ ಅಪಶಬ್ದವೋ ಎಂದು ನೋಡದೆ ಪ್ರತಿಮಾಡುತ್ತ ಹೋಗುವನು. ಒಂದೊಂದು ಗರಿಯಲ್ಲಿಯೂ ವೈರಾಣುವಿನ ಒಂದೊಂದು ಅಂಗವನ್ನು ರಚಿಸುವ ವಿಧಿಯು ಬರೆದಿರುವುದು. ಆ ಗರಿಗಳನ್ನೇ ಈಗಿನವರು ವಂಶವಾಹಿಗಳೆನ್ನುವರು. ಸೌಮ್ಯವಾದ ಒಂದು ವೈರಾಣುವಿನ ಕಟ್ಟಿನೊಳಗೆ ಘೋರವಾದ ಇನ್ನೊಂದು ವೈರಾಣುವಿನ ಒಂದೇ ಒಂದು ಗರಿಯನ್ನು ಸೇರಿಸಿದರೆ, ಲಿಪಿಕಾರನು ಅದನ್ನೂ ಪ್ರತಿಮಾಡುವನು. ಆಗ ಘೋರ ವೈರಾಣುವಿನ ಒಂದು ಅಂಗ ಮಾತ್ರ, ಸಾಮಾನ್ಯವಾಗಿ ಅದರ ಹೊರಮೈಯ ತೊಡಿಗೆ, ಶರೀರಕ್ಕೆ ಕಾಣುವುದು. ಶರೀರವು ಆ ತೊಡಿಗೆಯನ್ನು ಗುರುತಿಟ್ಟುಕೊಳ್ಳುವುದು. ಮುಂದೆ ನಿಜವಾದ ವೈರಿಯು ಬಂದಾಗ ಅದೇ ಗುರುತಿನಿಂದ ಹಿಡಿಯುವುದು. ೧೯೮೨ರ ಯುಕ್ತಿಯೆಂದರೆ ಇದೇ.

ಇದರ ಫಲವನ್ನು ಮೊದಲು ದೊಡ್ಡದಾಗಿ ಉಂಡುದು ಕಾಡಿನ ನರಿಗಳು! ಹುಚ್ಚುನಾಯಿ ರೋಗದ ವೈರಾಣುವಿನ ಒಂದು ಗರಿಯನ್ನು ವ್ಯಾಕ್ಸೀನಿಯಾದಲ್ಲಿ ಸೇರಿಸಿ, ಅದನ್ನು ತಿನಿಸಿನೊಳಗೆ ಅಡಗಿಸಿ, ೧೯೮೦ರ ದಶಕದ ಕೊನೆಯಿಂದ ಬೆಲ್ಜಿಯಂ, ಫ್ರಾನ್ಸ್ ದೇಶಗಳ ಕಾಡುಗಳಲ್ಲಿ ಎರಚಿದರು. ತಿಂದ ನರಿಗಳು ರೋಗಕ್ಕೆ ತುತ್ತಾಗಲಿಲ್ಲ. ಕ್ರಮೇಣ ಆ ದೇಶಗಳ ನರಿಗಳಲ್ಲಿ ಆ ರೋಗವೇ ಅಡಗಿತು.

ಮನುಷ್ಯರ ವಿಷಯಕ್ಕೆ ಬರುವೆನು. ಅಮೆರಿಕ ಖಂಡದಲ್ಲಿ ದನ, ಕುದುರೆ, ಹಂದಿಗಳಿಗೆ ಬಾಯಲ್ಲಿಯೂ ಕೆಚ್ಚಲಿನಲ್ಲಿಯೂ ಬೊಕ್ಕೆಯೇಳುವ ಒಂದು ರೋಗವುಂಟು. ನೋಡುವುದಕ್ಕೆ ನಮ್ಮ ಒಕ್ಕಲಿಗರು ಬಲ್ಲ ಕಾಲುಬಾಯಿ ಬೇನೆಯಂತೆಯೇ ಇದ್ದರೂ ಅದು ಬೇರೆ. ಅದಕ್ಕೆ ವೆಸಿಕ್ಯುಲರ್ ಸ್ಟೊಮಟೈಟಿಸ್ ಎಂದು ಹೆಸರು. ಮನುಷ್ಯರಿಗೆ ಅದು ತಗಲುವುದು ಅಪರೂಪ. ತಗಲಿದರೂ ಸಾಮಾನ್ಯವಾಗಿ ಕೆಲವು ದಿನದ ಜ್ವರದಲ್ಲಿ ಕಳೆಯುವುದು. ಈ ವೈರಾಣುವಿನ ಕಟ್ಟಿನಲ್ಲಿರುವುವು ಐದೇ ಗರಿಗಳು. ೧೯೯೫ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ರೋಸ್ ಎಂಬವರ ಬಳಗವು ಈ ಐದು ಗರಿಗಳನ್ನು ಬೇಕಾದಂತೆ ತಿದ್ದಿ ಮತ್ತೆ ಸಜೀವ ವೈರಾಣುವನ್ನು ಪಡೆಯುವ ಕ್ರಮವನ್ನು ಪ್ರಕಟಿಸಿತು. ಆಮೇಲೆ ಕೆನಡಾ ದೇಶದ ವಿನ್ನಿಪೆಗ್ ನಗರದ ಸರಕಾರೀ ಪ್ರಯೋಗಶಾಲೆಯಲ್ಲಿ, ಅದರ ಹೊರತೊಡಿಗೆಯ ಗರಿಯನ್ನು ತೆಗೆದು, ಆ ಸ್ಥಾನದಲ್ಲಿ ಎಬೋಲಾ ಎಂಬ ರಕ್ತಸ್ರಾವಜ್ವರದ ವೈರಾಣುವಿನ ತೊಡಿಗೆಯ ಗರಿಯನ್ನಿಟ್ಟರು. ಎಬೋಲಾ ಎಂದರೆ, ಹಿಡಿದ ಇಬ್ಬರಲ್ಲಿ ಸುಮಾರು ಒಬ್ಬನನ್ನು ಕೊಲ್ಲುವ ರೋಗ. ೨೦೦೫ರಲ್ಲಿ, ಈ ಲಸಿಕೆಯನ್ನು ಒಂದೇ ಬಾರಿ ಪಡೆದ ಕಪಿಗಳು ಎಬೋಲಾ ವಿಷವನ್ನು ತಾಳಿಕೊಂಡುವೆಂದು ಅವರು ಪ್ರಕಟಿಸಿದರು.

ಮಹಾಶಯರೇ, ಇಲ್ಲಿ ನಾನು ಸ್ವಲ್ಪ ನಿಲ್ಲಬೇಕಾಗಿದೆ. ೨೦೦೫ರಲ್ಲಿ ಇಷ್ಟು ತಿಳಿದಮೇಲೆ ೨೦೦೬ರಲ್ಲಿಯೋ ೨೦೦೭ರಲ್ಲಿಯೋ ಮನುಷ್ಯರಲ್ಲಿ ಪರೀಕ್ಷೆ ನಡೆದಿರಬೇಕೆಂದು ತಾವು ಎಣಿಸುವಿರಿ. ನಡೆಯಲಿಲ್ಲ. ಎಬೋಲಾ ರೋಗವು ಬರುತ್ತಿದ್ದುದು ಆಫ್ರಿಕದ ಕಾಡಂಚಿನ ಬಡ ಹಳ್ಳಿಗಳಿಗೆ. ಅಂತಹವರಿಗಾಗಿ ಹಣ ಸುರಿದು ಔಷಧ ಮಾಡಿದರೆ ಕೊಳ್ಳುವವರು ಯಾರು? ಲಸಿಕೆಯು ಶೀತಪೆಟ್ಟಿಗೆಯಲ್ಲಿ ಸುಮಾರು ಒಂಬತ್ತು ವರುಷ ಕುಳಿತಿತು. ೨೦೧೩ರ ಡಿಸೆಂಬರಿನಲ್ಲಿ ಪಶ್ಚಿಮ ಆಫ್ರಿಕದ ಗಿನಿ ದೇಶದಲ್ಲಿ ರೋಗವು ಎದ್ದು, ನೆರೆಯ ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಿಗೂ ಹಬ್ಬಿ, ೨೮,೬೦೦ಕ್ಕೂ ಹೆಚ್ಚು ಜನರನ್ನು ಹಿಡಿದು, ೧೧,೩೦೦ಕ್ಕೂ ಹೆಚ್ಚು ಜನರನ್ನು ಕೊಂದಿತು. ಸೀಮೆಯನ್ನು ದಾಟಿ ತಮ್ಮ ಬಾಗಿಲಿಗೂ ಬಂದೀತೆಂಬ ಭಯವು ಹುಟ್ಟಿದಮೇಲೆ ಶೀತಪೆಟ್ಟಿಗೆಯ ಬಾಗಿಲು ತೆರೆಯಿತು.

೨೦೧೫ರ ಮಾರ್ಚಿಯಲ್ಲಿ ಗಿನಿ ದೇಶದಲ್ಲಿ ಪರೀಕ್ಷೆಯು ಪ್ರಾರಂಭವಾಯಿತು. ಅದರ ಕ್ರಮವನ್ನು ಸಿಡುಬನ್ನು ಅಳಿಸಿದವರಿಂದ ಕಲಿತರು. ಒಬ್ಬ ರೋಗಿಯು ಕಂಡೊಡನೆ, ಅವನನ್ನು ಮುಟ್ಟಿದವರು, ಅವರನ್ನು ಮುಟ್ಟಿದವರು, ಹೀಗೆ ಸುತ್ತಲೂ ಒಂದು ಬಳೆಯಂತೆ ಲಸಿಕೆ ಹಾಕುವುದು. ಫಲವನ್ನು ಅಳೆಯುವುದಕ್ಕಾಗಿ ಕೆಲವು ಬಳೆಗಳಿಗೆ ಕೂಡಲೇ ಹಾಕಿದರು, ಕೆಲವಕ್ಕೆ ಇಪ್ಪತ್ತೊಂದು ದಿನ ತಡೆದು ಹಾಕಿದರು. ಜುಲೈ ವೇಳೆಗೆ ಗುಣವು ಸ್ಪಷ್ಟವಾದಕೂಡಲೆ, ಇನ್ನು ಯಾರನ್ನೂ ಕಾಯಿಸುವುದು ಅಧರ್ಮವೆಂದು ತಡೆಯುವುದನ್ನು ನಿಲ್ಲಿಸಿಬಿಟ್ಟರು. ಕೊನೆಯ ಲೆಕ್ಕದಲ್ಲಿ, ಲಸಿಕೆ ಪಡೆದ ೫,೮೩೭ ಜನರಲ್ಲಿ ಹತ್ತು ದಿನ ಕಳೆದಮೇಲೆ ಒಬ್ಬರಿಗಾದರೂ ರೋಗವು ಬರಲಿಲ್ಲ. ಅದೇ ಅವಧಿಯಲ್ಲಿ ಪಡೆಯದಿದ್ದವರಲ್ಲಿ ೨೩ ಜನರಿಗೆ ಬಂದಿತು. ೨೦೧೯ರ ಕೊನೆಯಲ್ಲಿ ಯೂರೋಪಿನವರೂ ಅಮೆರಿಕದವರೂ ಇದಕ್ಕೆ ಒಪ್ಪಿಗೆ ಕೊಟ್ಟರು. ಕಾಂಗೋ ದೇಶದಲ್ಲಿ ೨೦೧೮ರಿಂದ ೨೦೨೦ರವರೆಗೆ ನಡೆದ ರೋಗಕಾಲದಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ಜನರು ಇದನ್ನು ಪಡೆದರು.

ಆ ಇಪ್ಪತ್ತೊಂದು ದಿನಗಳ ವಿಷಯವನ್ನು ಓದಿದಾಗಲೆಲ್ಲ ನನಗೆ ನನ್ನ “ತಡೆಯಿರಿ” ಎಂಬ ಮಾತು ನೆನಪಾಗುವುದು. ಅವರು ತಡೆದುದು ತಿಳಿಯುವುದಕ್ಕಾಗಿ. ತಿಳಿದೊಡನೆ ತಡೆಯುವುದನ್ನು ಬಿಟ್ಟರು. ನಾನು ತಡೆಯಿಸಿದುದು ಏತಕ್ಕಾಗಿಯೂ ಅಲ್ಲ.

ಇನ್ನು ಆ ತಾಯಿಯು ಕೇಳಿದ “ಮಂಗನ ವಿಷ”ದ ಮಾತು. ನಮ್ಮ ದೇಶದಲ್ಲಿ ಕೋವಿಶೀಲ್ಡ್ ಎಂಬ ಹೆಸರಿನಿಂದ ಪುಣೆಯಲ್ಲಿ ತಯಾರಾಗಿ, ೨೦೨೧ರ ಜನವರಿ ೧೬ರಿಂದ ಹಾಕತೊಡಗಿದ ಲಸಿಕೆಯ ವಾಹನವು ಚಿಂಪಾಂಜಿಯೆಂಬ ವಾನರದಲ್ಲಿ ದೊರೆತ ಒಂದು ನೆಗಡಿಯ ಜಾತಿಯ ವೈರಾಣು. ಇಂಗ್ಲೆಂಡಿನ ಆಕ್ಸ್‌ಫರ್ಡಿನವರು ಅದನ್ನು ಸಿದ್ಧಪಡಿಸಿದರು. ಮನುಷ್ಯರಲ್ಲಿಯೇ ಈ ಕುಲದ ವೈರಾಣುಗಳು ಬೇಕಾದಷ್ಟಿರುವಾಗ ವಾನರದ್ದೇಕೆಂದು ಕೇಳಬಹುದು. ಕಾರಣವಿಷ್ಟೆ: ಮನುಷ್ಯರ ವೈರಾಣುವನ್ನು ನಮ್ಮ ಶರೀರಗಳು ಬಾಲ್ಯದಿಂದಲೇ ಬಲ್ಲುವು, ವಾಹನವು ಬಾಗಿಲಿಗೆ ಬಂದೊಡನೆ ಅದನ್ನೇ ಹೊಡೆದುಹಾಕುವುವು, ಒಳಗಿನ ಸಂದೇಶವು ಮುಟ್ಟದು. ಅಷ್ಟೇ ಅಲ್ಲ. ಏಡ್ಸ್ ರೋಗಕ್ಕಾಗಿ ಮನುಷ್ಯರ ವೈರಾಣುವನ್ನೇ ವಾಹನಮಾಡಿ ನಡೆಸಿದ ಒಂದು ಪರೀಕ್ಷೆಯನ್ನು ೨೦೦೭ರಲ್ಲಿ ನಿಲ್ಲಿಸಬೇಕಾಯಿತು. ಆ ವೈರಾಣುವಿನ ಪರಿಚಯವು ಮೊದಲೇ ಇದ್ದ ಕೆಲವರಲ್ಲಿ ಏಡ್ಸಿನ ಸೋಂಕು ಹೆಚ್ಚಾಗಿ ಕಂಡಿತು. ಅಪರಿಚಿತನಾದ ದೂತನೇ ಇಲ್ಲಿ ಒಳ್ಳೆಯವನು. ಈ ದೂತನಲ್ಲಿ ತನ್ನನ್ನು ತಾನು ಬೆಳೆಸಿಕೊಳ್ಳಲು ಬೇಕಾದ ಗರಿಯನ್ನು ಮೊದಲೇ ಕಿತ್ತಿರುವರು. ಆದುದರಿಂದ ನಮ್ಮ ಜೀವಕಣವನ್ನು ಹೊಕ್ಕು, ಕೋವಿಡ್ ವೈರಾಣುವಿನ ಮುಳ್ಳಿನಂತಹ ಹೊರಾಂಗದ ಗುರುತನ್ನು ಒಪ್ಪಿಸಿ, ಸಂತಾನವಿಲ್ಲದೆ ಅಲ್ಲಿಯೇ ನಶಿಸುವುದು.

ಈಗ ಪೂರ್ವಪಕ್ಷಗಳನ್ನು ಒಂದೊಂದಾಗಿ ನೋಡೋಣ.

ಪ್ರಾಣಿಯ ಅಂಶವು ನಮ್ಮ ಶರೀರದಲ್ಲಿ ನೆಲಸುವುದೇ ಎಂಬುದು ಮೊದಲನೆಯದು. ನೆಲಸದು. ಕೋವಿಶೀಲ್ಡಿನ ವಾಹನವು ಬೆಳೆಯಲಾರದು. ನಮ್ಮ ವಂಶವಾಹಿಗಳೊಳಗೆ ತನ್ನನ್ನು ಹೊಲಿದುಕೊಳ್ಳುವ ಸಾಧನವೂ ಅದಕ್ಕಿಲ್ಲ. ಎಬೋಲಾ ಲಸಿಕೆಯ ವೈರಾಣುವು ಕೆಲವು ದಿನ ಬೆಳೆಯುವುದು. ಶರೀರವು ಅದನ್ನು ಕಳೆಯುವುದು.

ಇದು ಪ್ರಾಣಿಹಿಂಸೆಯಿಂದ ಬಂದುದೇ ಎಂಬುದು ಎರಡನೆಯದು. ಇಲ್ಲಿ ಮರೆಮಾಚದೆ ಹೇಳಬೇಕು. ಒಂದೊಂದು ಲಸಿಕೆಗಾಗಿ ಒಂದೊಂದು ಪ್ರಾಣಿಯನ್ನು ಕೊಲ್ಲುವುದಿಲ್ಲ. ಎಬೋಲಾ ಲಸಿಕೆಯು ಬೆಳೆಯುವುದು ೧೯೬೨ರಲ್ಲಿ ಜಪಾನಿನಲ್ಲಿ ಒಂದು ಆಫ್ರಿಕದ ಕಪಿಯ ಮೂತ್ರಪಿಂಡದಿಂದ ತೆಗೆದ ಕಣಗಳ ಸಂತತಿಯಲ್ಲಿ. ಕೋವಿಶೀಲ್ಡಿನದು ಬೆಳೆಯುತ್ತಿದ್ದುದು ೧೯೭೦ರ ದಶಕದಲ್ಲಿ ಹಾಲೆಂಡಿನಲ್ಲಿ ಮನುಷ್ಯಭ್ರೂಣವೊಂದರ ಮೂತ್ರಪಿಂಡದಿಂದ ಪಡೆದ ಕಣಗಳ ಸಂತತಿಯಲ್ಲಿ. ಪರೀಕ್ಷೆಗಳಲ್ಲಿ ಕಪಿಗಳು ಸತ್ತಿರುವುವು. ಲಸಿಕೆ ಕೊಡದೆ ವಿಷವನ್ನು ಮಾತ್ರ ಪಡೆದ ಕಪಿಗಳ ಸಾವಿನಿಂದಲೇ ಲಸಿಕೆಯ ಗುಣವು ತಿಳಿದುದು. ಈ ಋಣವಿಲ್ಲವೆಂದು ಹೇಳಿ ಭಕ್ತರನ್ನು ಒಲಿಸುವುದು ಸುಳ್ಳು. ಋಣವುಂಟು, ಹಾಲನ್ನು ಕುಡಿಯುವ ನಾವು ಕರುವಿಗೆ ಋಣಿಗಳಲ್ಲವೇ? ಋಣವನ್ನು ಅರಿತು, ಅದು ಕಡಿಮೆಯಾಗುವ ಮಾರ್ಗವನ್ನು ವಿದ್ವಾಂಸರಿಂದ ಕೇಳುತ್ತ, ಪಡೆದ ರಕ್ಷೆಯಿಂದ ನಾಲ್ವರಿಗೆ ಉಪಕಾರಿಯಾಗಿ ಬಾಳುವುದು ಸರಿಯೆಂದು ನನ್ನ ಬುದ್ಧಿಗೆ ತೋರುತ್ತದೆ. ಇದಕ್ಕೂ ಮಿಗಿಲಾಗಿ ತಿಳಿದವರು ತಿದ್ದಬಹುದು.

ಅಪಾಯವುಂಟೇ ಎಂಬುದು ಮೂರನೆಯದು. ಉಂಟು. ಎಬೋಲಾ ಲಸಿಕೆಯಿಂದ ಜ್ವರವೂ ಕೆಲವರಿಗೆ ಕೀಲುನೋವೂ ಬರುವುವು. ಈ ನೋವಿನ ಕಾರಣದಿಂದ ಜಿನೀವಾ ನಗರದ ಪರೀಕ್ಷೆಯನ್ನು ೨೦೧೪ರ ಡಿಸೆಂಬರಿನಲ್ಲಿ ಸ್ವಲ್ಪ ಕಾಲ ನಿಲ್ಲಿಸಿದ್ದರು. ಚಿಂಪಾಂಜಿ ವೈರಾಣುವಿನ ಕೋವಿಡ್ ಲಸಿಕೆಯಿಂದ ಬಹು ವಿರಳವಾಗಿ ರಕ್ತವು ಹೆಪ್ಪುಗಟ್ಟಿ ಕೆಲವರು ಪ್ರಾಣವನ್ನೂ ಕಳೆದುಕೊಂಡರು. ಯೂರೋಪಿನಲ್ಲಿ ಇದು ೨೦೨೧ರ ಮಾರ್ಚಿಯಲ್ಲಿ ಬೆಳಕಿಗೆ ಬಂದಿತು. ಅಲ್ಲಿಯ ಲೆಕ್ಕವು ಲಕ್ಷಕ್ಕೆ ಒಬ್ಬಿಬ್ಬರಷ್ಟು. ಅನೇಕ ದೇಶಗಳವರು ಆಮೇಲೆ ಅದನ್ನು ಎಳೆಯರಿಗೆ ಕೊಡದೆ, ರೋಗದಿಂದ ಹೆಚ್ಚು ಸಾಯುತ್ತಿದ್ದ ವೃದ್ಧರಿಗೆ ಮಾತ್ರ ಕೊಟ್ಟರು. ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡಿ ವಯಸ್ಸಿಗೆ ತಕ್ಕಂತೆ ತೂಗುವುದೆಂದರೆ ಇದೇ. ಲಕ್ಷದಲ್ಲಿ ಒಬ್ಬನಾದರೂ ಆ ಒಬ್ಬನ ಮನೆಗೆ ಅದು ಲಕ್ಷವೇ ಸರಿ. ಅಂತಹವರಿದ್ದರೆಂಬುದನ್ನು ಮರೆಸುವವರೂ, ಅವರನ್ನೇ ಮುಂದಿಟ್ಟುಕೊಂಡು ಉಳಿದ ಕೋಟ್ಯಂತರ ಜನರನ್ನು ಹೆದರಿಸುವವರೂ, ಇಬ್ಬರೂ ತಕ್ಕಡಿಯ ಒಂದೇ ತಟ್ಟೆಯನ್ನು ನೋಡಿದವರು.

ಆ ತಾಯಿಯು ಅರುವತ್ತು ಮೀರಿದವಳು. ರೋಗವು ಊರಿನ ಬಾಗಿಲಲ್ಲಿತ್ತು. ನಾನು ಈ ಮಾತುಗಳನ್ನೆಲ್ಲ ಆಕೆಗೆ ಹೇಳಿದ್ದರೆ, ಕಾಲು ಗಂಟೆಯಾಗುತ್ತಿತ್ತು. ಆಮೇಲೆ ಹಾಕಿಸಿಕೊಳ್ಳುವುದೂ ಬಿಡುವುದೂ ಆಕೆಯ ವಿವೇಕಕ್ಕೆ ಸೇರಿದುದಾಗಿತ್ತು. ಆ ವಿವೇಕಕ್ಕೆ ಬೇಕಾದ ಸಾಮಗ್ರಿಯನ್ನೇ ನಾನು ಕೊಡಲಿಲ್ಲ.

ಪಾಠಶಾಲೆಯ ವಿದ್ಯಾರ್ಥಿಗಳೇ, ನಿಮಗೆ ವಿಶೇಷವಾಗಿ ಒಂದು ಮಾತು. ನಾಳೆ ನೀವೂ ಹಳ್ಳಿಹಳ್ಳಿಗಳಲ್ಲಿ ಗುರುಗಳೆನಿಸಿಕೊಳ್ಳುವಿರಿ. ನಿಮ್ಮ ಶಾಸ್ತ್ರದಲ್ಲಿಲ್ಲದ ಪ್ರಶ್ನೆಗಳನ್ನು ಜನರು ನಿಮ್ಮನ್ನು ಕೇಳುವರು. ಗೊತ್ತಿಲ್ಲವೆನ್ನುವುದು ತಪ್ಪಲ್ಲ. ಗೊತ್ತಿಲ್ಲವೆಂದವನು ಅದೇ ದಿನ ಬಲ್ಲವರ ಬಾಗಿಲನ್ನು ತಟ್ಟಬೇಕು. ತಿಳಿದುದರ ಗುಣದೋಷಗಳೆರಡನ್ನೂ ಹೇಳಬೇಕು. ಹೇಳುವುದಕ್ಕಾಗದಿದ್ದರೆ ಬಲ್ಲವರ ಬಳಿಗೆ ಕೈಹಿಡಿದು ಕರೆದುಕೊಂಡುಹೋಗಬೇಕು. ಒಂದು ಕಾಡುರೋಗದ ಅಣುವೂ ತಕ್ಕ ಸಂದೇಶವನ್ನು ಹೊತ್ತು ಬಂದರೆ ರಕ್ಷೆಯಾಗುವುದು. ನಾಲಗೆಯೂ ಒಂದು ವಾಹನವೇ. ಅದು ಸಂದೇಶವನ್ನು ಹೊರದೆ ನಿಂತರೆ ಏನಾಗುವುದೆಂಬುದನ್ನು ನಾನು ನನ್ನಿಂದಲೇ ಕಲಿತೆನು.

ದಾಸೋಹದ ಆ ತಾಯಿಯನ್ನು ಮನಸ್ಸಿನಲ್ಲಿ ನೆನೆದು, ನನ್ನ ಭಾಷಣವನ್ನು ಮುಗಿಸುವೆನು.